ಕಾರ್ಡ್ ಮಷಿನ್ ಎಳೆದು ನೋಡುವುದೂ ಕಾವಲಿನ ಕೆಲಸವೇ

ನಿನ್ನೆ ಮಗನ ಮನೆ ಹತ್ತಿರದ ದಿನಸಿ ಅಂಗಡಿಯಲ್ಲಿ ಒಂದು ವಿಷಯ ನೋಡಿದೆ. ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಸಂಸ್ಥೆಯ ಜಾಕೆಟ್ ಹಾಕಿದ್ದ ಇಬ್ಬರು ಸೀದಾ ಕೌಂಟರ್‌ಗೆ ಬಂದರು. ಕಾರ್ಡ್ ಮಷಿನ್‌ನ ಅಂಚು ಹಿಡಿದು ಎಳೆದರು, ಅಲ್ಲಾಡಿಸಿದರು, ಕೀಗಳ ಮೇಲೆ ಬೆರಳಾಡಿಸಿ ನೋಡಿದರು. ಕಾರ್ಡ್ ಮಾಹಿತಿ ಕದಿಯುವ ಸಾಧನವನ್ನು ಯಾರಾದರೂ ಅಂಟಿಸಿದ್ದಾರಾ ಅಂತ ಹೇಗೆ ಪರೀಕ್ಷೆ ಮಾಡಬೇಕು ಎಂದು ಅಂಗಡಿಯ ಹುಡುಗನಿಗೂ ಹೇಳಿಕೊಟ್ಟು ಮುಂದಿನ ಅಂಗಡಿಗೆ ಹೋದರು. ನನಗೆ ಎಷ್ಟು ಖುಷಿಯಾಯಿತು ಅಂದ್ರೆ, ಮನೆಗೆ ಬಂದವಳೇ ಎಲ್ಲರಿಗೂ ಹೇಳಿದೆ.

ರಾತ್ರಿ ಊಟಕ್ಕೆ ಬಂದಿದ್ದ ಮಗನ ಗೆಳೆಯ ಕೇಳಿಸಿಕೊಂಡು, "ಅಧ್ಯಕ್ಷರನ್ನೇ ಸರಿಯಾಗಿ ಕಾಯೋಕಾಗಲ್ಲ, ಇವರಿಗ್ಯಾಕೆ ಆಂಟಿ ಅಂಗಡಿ ಮಷಿನ್ ಉಸಾಬರಿ?" ಅಂದ. ಆಗಿನಿಂದ ನನಗೆ ಸಮಾಧಾನವಿಲ್ಲ.

ನಾನು ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲೇ ಕೂತು ನಿವೃತ್ತಿಯಾದವಳು, ನಿಮಗೆಲ್ಲ ಗೊತ್ತು. ಖೋಟಾ ನೋಟು ಬಂದರೆ ಠಸ್ಸೆ ಹೊಡೆದು ಜಪ್ತಿ ಮಾಡಿ ರಸೀದಿ ಕೊಡಬೇಕು. ತಂದವರು ಹೆಚ್ಚಿನಂಶ ಬಡವರೇ. ಎಲ್ಲೋ ಕೂಲಿಗೋ ತರಕಾರಿಗೋ ಸಿಕ್ಕ ನೋಟು. ಅದನ್ನು ನಾವು ವಾಪಸ್ ಕೊಡುವ ಹಾಗಿಲ್ಲ. ಮೋಸ ಮಾಡಿದವನು ಯಾರೋ, ನಷ್ಟ ಕೌಂಟರ್ ಮುಂದೆ ನಿಂತವರಿಗೆ. ಆ ಮುಖಗಳನ್ನು ನೋಡಿದವರು ಹಣದ ಮೋಸವನ್ನು ಸಣ್ಣ ವಿಷಯ ಅನ್ನುವುದಿಲ್ಲ.

ಸೀಕ್ರೆಟ್ ಸರ್ವಿಸ್ ಹುಟ್ಟಿದ್ದೇ ಈ ಕೆಲಸಕ್ಕೆ. 1865ರಲ್ಲಿ ಖಜಾನೆ ಇಲಾಖೆಯ ಕೆಳಗೆ ಶುರುವಾಯಿತು. ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಓಡಾಡುತ್ತಿದ್ದ ನೋಟುಗಳಲ್ಲಿ ಮೂರರಲ್ಲೊಂದು ಖೋಟಾ ಎಂಬ ಅಂದಾಜಿತ್ತು. ಅಧ್ಯಕ್ಷರನ್ನು ಪೂರ್ತಿ ಕಾಯುವ ಹೊಣೆ ಬಂದಿದ್ದು ಆಮೇಲೆ. 1901ರಲ್ಲಿ ಬಫಲೋ ಊರಿನಲ್ಲಿ ಅಧ್ಯಕ್ಷ ಮೆಕಿನ್ಲಿ ಅವರಿಗೆ ಗುಂಡು ಹೊಡೆದು ಕೊಂದರಲ್ಲ, ಅದಾದ ಮೇಲೆ. 2003ರಲ್ಲಿ ಖಜಾನೆ ಬಿಟ್ಟು ಆಂತರಿಕ ಭದ್ರತಾ ಇಲಾಖೆಗೆ ಹೋದರು. ಹಣದ ಕೆಲಸ ಮಾತ್ರ ಜೊತೆಗೇ ಹೋಯಿತು.

ಮಗನ ಗೆಳೆಯ ಹೇಳಿದ್ದನ್ನೇ ದೊಡ್ಡವರೂ ಹೇಳಿದ್ದಾರೆ. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು. ಸಭೆಗೆ ಬಂದಿದ್ದ ಒಬ್ಬರು ಸತ್ತರು. ಹತ್ತು ದಿನದಲ್ಲಿ ಸಂಸ್ಥೆಯ ನಿರ್ದೇಶಕಿ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಸ್ವತಂತ್ರ ಪರಿಶೀಲನಾ ಸಮಿತಿ ವರದಿ ಕೊಟ್ಟು, ಕಾವಲಿನ ಕೆಲಸಕ್ಕೇ ಗಮನ ಕೊಡಿ, ಅದಕ್ಕೆ ಸೇರದ ಹಣದ ತನಿಖೆಗಳನ್ನು ಬಿಡುವ ಬಗ್ಗೆ ಯೋಚಿಸಿ ಅಂದಿತು.

ವರದಿ ಬರೆದವರು ಅನುಭವಸ್ಥರು, ಇಲ್ಲ ಅನ್ನಲ್ಲ. ಏಜೆಂಟರಿಗೆ ಕೆಲಸದ ಹೊರೆ ಜಾಸ್ತಿ ಅನ್ನುವುದೂ ನಿಜ. ಆದರೆ ಬಟ್ಲರ್‌ನಲ್ಲಿ ತಪ್ಪಿದ್ದೇನು? ವೇದಿಕೆಯಿಂದ 150 ಮೀಟರ್ ಕೂಡ ಇಲ್ಲದ ಚಾವಣಿಯ ಮೇಲೆ ಕಾವಲಿಗೆ ಯಾರೂ ಇರಲಿಲ್ಲ. ಸ್ಥಳೀಯ ಪೊಲೀಸರ ರೇಡಿಯೋ ಬೇರೆ, ಇವರ ರೇಡಿಯೋ ಬೇರೆ. ಗುಂಡು ಹಾರಿಸಿದವನು ಅದೇ ಮಧ್ಯಾಹ್ನ ಡ್ರೋನ್ ಹಾರಿಸಿ ಜಾಗ ನೋಡಿಕೊಂಡಿದ್ದ. ಡ್ರೋನ್ ಪತ್ತೆ ಮಾಡಬೇಕಿದ್ದ ಇವರ ಸಾಧನ ನೆಟ್‌ವರ್ಕ್ ಸಿಗದೆ ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಇದರಲ್ಲಿ ಯಾವುದು ಖೋಟಾ ನೋಟು ಹಿಡಿಯುವವರ ತಪ್ಪು? ಚಾವಣಿ ಮೇಲೆ ಕಾವಲು ಹಾಕದಿದ್ದಕ್ಕೆ ಅಂಗಡಿಗಳಲ್ಲಿ ಬಡವರ ಕಾರ್ಡಿನ ಹಣ ಕಳುವಾಗದಂತೆ ನೋಡಿಕೊಳ್ಳುವ ಕೆಲಸವನ್ನು ಯಾಕೆ ಬಿಡಬೇಕು? ಹೊರೆ ಜಾಸ್ತಿಯಾದರೆ ಜನರನ್ನು ಹೆಚ್ಚಿಸಿ. ಕೆಲಸ ಕಡಿಮೆ ಮಾಡಬೇಡಿ.

ಇನ್ನೊಂದು ನೋಡಿ. ಈಗ ಹಣದ ಅಪಾಯ ಬೇರೆ, ಪ್ರಾಣದ ಅಪಾಯ ಬೇರೆ ಅಂತ ಗೆರೆ ಎಳೆಯೋಕಾಗಲ್ಲ. 2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಅಧಿವೇಶನದ ಹೊತ್ತಿಗೆ ಇವರು ನ್ಯೂಯಾರ್ಕ್ ಸುತ್ತಮುತ್ತ ಒಟ್ಟಿಗೆ ಬಹಳಷ್ಟು ಸಿಮ್ ಕಾರ್ಡುಗಳನ್ನು ನಡೆಸುವ 300ಕ್ಕೂ ಹೆಚ್ಚು ಸಿಮ್ ಸರ್ವರ್‌ಗಳನ್ನೂ ಒಂದು ಲಕ್ಷ ಸಿಮ್ ಕಾರ್ಡುಗಳನ್ನೂ ಪತ್ತೆ ಮಾಡಿದರು. ದೊಡ್ಡ ಅಧಿಕಾರಿಗಳಿಗೆ ಫೋನಿನಲ್ಲಿ ಬಂದ ಬೆದರಿಕೆಗಳ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಅದು. ಸಾವಿರಾರು ಜನರಿಗೆ ಮೋಸದ ಮೆಸೇಜ್ ಕಳಿಸುವವರ ಹತ್ತಿರ ಇರುವುದೂ ಇಂಥದ್ದೇ ಸಾಧನ. ಅದೇ ವರ್ಷ ಜೂನ್‌ನಲ್ಲಿ, ನಂಬಿಸಿ ಹೂಡಿಕೆ ಮಾಡಿಸುವ ಕ್ರಿಪ್ಟೋ ಮೋಸಗಳಿಗೆ ಸೇರಿದ ಸುಮಾರು 22.5 ಕೋಟಿ ಡಾಲರ್ ಪತ್ತೆ ಮಾಡಿದ್ದರಲ್ಲೂ ಎಫ್‌ಬಿಐ ಜೊತೆ ಇವರಿದ್ದರು. ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹುಡುಕಲು ಕಲಿತವರಿಗೆ ಬೆದರಿಕೆಯ ಮೂಲ ಹುಡುಕಲೂ ಬರುತ್ತದೆ. ಆ ಕಲಿಕೆಯನ್ನು ಬಿಟ್ಟುಬಿಡಿ ಅನ್ನುವುದು ಯಾವ ನ್ಯಾಯ?

ಈಗ ಆ ಅಂಗಡಿ ಮಷಿನ್ ವಿಷಯ. ಸ್ಕಿಮ್ಮರ್ ಅಂದರೆ ಮಷಿನ್‌ನ ಮೇಲ್ಭಾಗದ ಹಾಗೇ ಕಾಣುವ ಮುಚ್ಚಳ. ಅಂಗಡಿಯವನು ಆ ಕಡೆ ತಿರುಗಿದಾಗ ಕೆಲವೇ ಸೆಕೆಂಡಿನಲ್ಲಿ ಅಂಟಿಸಿ ಹೋಗುತ್ತಾರೆ. ಕಾರ್ಡಿನ ಹಿಂದಿರುವ ಕಪ್ಪು ಪಟ್ಟಿಯಲ್ಲಿನ ಮಾಹಿತಿಯನ್ನು ಓದಿಕೊಳ್ಳುತ್ತದೆ, ಒತ್ತಿದ ಪಿನ್ ಕೂಡ ಕದಿಯುತ್ತದೆ. ನಮ್ಮ ಬ್ಯಾಂಕ್ ಕಾರ್ಡಿಗೆ ಚಿಪ್ ಇದೆ. ಪ್ರತಿ ಸಲ ಹೊಸ ಕೋಡ್ ಹುಟ್ಟುತ್ತದೆ, ಆ ಕೋಡ್ ಕದ್ದರೂ ಉಪಯೋಗವಿಲ್ಲ. ಆದರೆ ಬಡ ಕುಟುಂಬಗಳಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ಇಬಿಟಿ ಕಾರ್ಡಿಗೆ ಹೆಚ್ಚಿನ ರಾಜ್ಯಗಳಲ್ಲಿ ಚಿಪ್ ಇಲ್ಲದೆಯೇ ನಡೆದುಕೊಂಡು ಬಂದಿದೆ. ಕ್ಯಾಲಿಫೋರ್ನಿಯಾ ಮೊದಲು ಶುರು ಮಾಡಿದ್ದೇ 2025ರಲ್ಲಿ. ತಿಂಗಳ ಹಣ ಜಮಾ ಆದ ಕೂಡಲೇ ಕಳ್ಳರು ನಕಲಿ ಕಾರ್ಡಿನಲ್ಲಿ ಖಾಲಿ ಮಾಡುತ್ತಾರೆ. ತಾಯಿ ಸಾಮಾನೆಲ್ಲ ಕೌಂಟರ್ ಮೇಲಿಟ್ಟ ಮೇಲೆ ಬ್ಯಾಲೆನ್ಸ್ ಇಲ್ಲ ಅಂತ ಗೊತ್ತಾಗುತ್ತದೆ.

ಕಳುವಾದ ಹಣವನ್ನು ಕೇಂದ್ರದ ದುಡ್ಡಿನಿಂದ ತುಂಬಿಕೊಡುವ ಕಾನೂನು 2024ರ ಡಿಸೆಂಬರ್ 20ಕ್ಕೆ ಮುಗಿಯಿತು. ಅಲ್ಲಿಂದಾಚೆ ಕದ್ದದ್ದಕ್ಕೆ ಆ ಹಣವೂ ಇಲ್ಲ. ಚಿಪ್ ಇಲ್ಲದ ಕಾರ್ಡ್ ಕೊಟ್ಟವರು ಸರ್ಕಾರದವರೇ, ಕಳ್ಳತನವಾದರೆ ಕೈ ಬಿಟ್ಟವರೂ ಅವರೇ. ಉಳಿದಿರುವುದು ಅಂಗಡಿ ಅಂಗಡಿಗೆ ಹೋಗಿ ಮಷಿನ್ ಎಳೆದು ನೋಡುವ ಈ ಏಜೆಂಟರು ಮತ್ತು ಸ್ಥಳೀಯ ಪೊಲೀಸರು. ಅದನ್ನೂ ಬಿಡಿಸಬೇಕಂತೆ! ನನಗೆ ಕೋಪ ಬರುವುದು ಇಲ್ಲೇ. ಅಧ್ಯಕ್ಷರ ಸುತ್ತ ನೂರು ಜನ ಇರಲಿ, ಬೇಕು. ಆ ತಾಯಿಯ ಕಾರ್ಡಿಗೆ ಇಬ್ಬರಾದರೂ ಬೇಡವಾ?

ಇಲ್ಲಿ ಅಂಗಡಿ, ಗ್ಯಾಸ್ ಸ್ಟೇಷನ್ ನಡೆಸುವ ನಮ್ಮವರು ದಿನಾ ಬೆಳಿಗ್ಗೆ ಮಷಿನ್‌ನ ಅಂಚು ಹಿಡಿದು ಗಟ್ಟಿಯಾಗಿ ಎಳೆಯಿರಿ. ಕೀಗಳು ಉಬ್ಬಿದ ಹಾಗೆ ಕಂಡರೆ ಅಲ್ಲಿ ಕಾರ್ಡ್ ತೆಗೆದುಕೊಳ್ಳಬೇಡಿ, ಪೊಲೀಸರಿಗೆ ಹೇಳಿ. ಇಬಿಟಿ ಕಾರ್ಡ್ ಇರುವ ಅಕ್ಕಪಕ್ಕದವರು ಗೊತ್ತಿದ್ದರೆ, ಹಣ ಜಮಾ ಆಗುವ ಹಿಂದಿನ ದಿನ ಪಿನ್ ಬದಲಾಯಿಸಲು ಹೇಳಿ. ಇಲ್ಲಿ ಓಟು ಇರುವವರು ನಿಮ್ಮ ಪ್ರತಿನಿಧಿಯ ಆಫೀಸಿಗೆ ಫೋನ್ ಮಾಡಿ, ಚಿಪ್ ಕಾರ್ಡ್ ಯಾವಾಗ ಕೊಡುತ್ತೀರಿ ಅಂತ ಕೇಳಿ. ನನಗೆ ಓಟಿಲ್ಲ, ಮಗನಿಗಿದೆ. ಸೋಮವಾರ ಅವನಿಂದ ಫೋನ್ ಮಾಡಿಸುತ್ತೇನೆ.