ಗ್ರೀಕರ ಕ್ಲಬ್ಬು, ನಮ್ಮ ಸಂಘ

ಮೆಲ್ಬರ್ನ್‌ಗೆ ಹೊಸದಾಗಿ ಬರುವ ಕನ್ನಡಿಗರಿಗೆ ನಾನು ಒಂದು ಮಾತು ಹೇಳುತ್ತಿರುತ್ತೇನೆ. ಕ್ರಿಕೆಟ್ ನೋಡೋಕೆ ಎಂಸಿಜಿಗೆ ಖಂಡಿತ ಹೋಗಿ. ಹಾಗೇ ಒಂದು ಸಲ ಆಲ್ಬರ್ಟ್ ಪಾರ್ಕ್ ಕೆರೆಯ ಪಕ್ಕದ ಲೇಕ್‌ಸೈಡ್ ಸ್ಟೇಡಿಯಂಗೂ ಹೋಗಿ ಬನ್ನಿ. ಅಲ್ಲಿ ಸೌತ್ ಮೆಲ್ಬರ್ನ್ ಫುಟ್ಬಾಲ್ ಕ್ಲಬ್ಬಿನ ಆಟ ನಡೆಯುತ್ತದೆ. ಹಳಬರ ಬಾಯಲ್ಲಿ ಅದು ಇವತ್ತಿಗೂ 'ಹೆಲಾಸ್', ಅಂದರೆ ಗ್ರೀಸ್.

ಎರಡನೇ ಮಹಾಯುದ್ಧ, ಅದರ ಬೆನ್ನಿಗೇ ಅಂತರ್ಯುದ್ಧ. ಗ್ರೀಸ್ ಸೋತು ಸುಣ್ಣವಾಗಿತ್ತು. 1952ರಲ್ಲಿ ಆಸ್ಟ್ರೇಲಿಯಾದ ಜೊತೆ ವಲಸೆ ಒಪ್ಪಂದವಾದ ಮೇಲೆ ಜನ ಹಡಗು ಹತ್ತಿ ಬಂದರು. ಹಗಲೆಲ್ಲ ಕಾರ್ಖಾನೆ ಕೆಲಸ, ಇಂಗ್ಲಿಷ್ ಅಷ್ಟಕ್ಕಷ್ಟೇ. ಭಾನುವಾರ ಚರ್ಚು, ಆಮೇಲೆ ಫುಟ್ಬಾಲು. 1959ರಲ್ಲಿ ಗ್ರೀಕರದೇ ಎರಡು ಕ್ಲಬ್ಬುಗಳು, ಹೆಲೆನಿಕ್ ಮತ್ತು ಯಾರಾ ಪಾರ್ಕ್ ಅಯಾಸ್, ಸೌತ್ ಮೆಲ್ಬರ್ನ್ ಯುನೈಟೆಡ್ ಅನ್ನೋ ಅಲ್ಲಿನ ಕ್ಲಬ್ಬಿನ ಜೊತೆ ಸೇರಿ ಒಂದಾದವು. ನನಗೆ ತುಂಬ ಹಿಡಿಸಿದ್ದು ಇದೇ. ನಮ್ಮವರಲ್ಲಿ ಒಂದು ಸಂಘ ಎರಡಾಗೋದನ್ನ ನೋಡಿದ್ದೇನೆ, ಎರಡು ಸಂಘ ಒಂದಾಗಿದ್ದನ್ನ ನೋಡಿದ್ದು ಕಡಿಮೆ.

ಆ ಕ್ಲಬ್ಬಲ್ಲಿ ಬೆಳೆದ ಒಬ್ಬ ಹುಡುಗನ ಹೆಸರು ಈಗ ಫುಟ್ಬಾಲ್ ನೋಡುವವರಿಗೆಲ್ಲ ಗೊತ್ತು: ಕೋಚ್ ಆಂಜ್ ಪೊಸ್ಟೆಕೊಗ್ಲು. ಅಥೆನ್ಸ್‌ನಲ್ಲಿ ಹುಟ್ಟಿ, ಐದು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವರು. ಇಲ್ಲೇ ಆಡಿ ನಾಯಕರಾದರು. 1989ರಲ್ಲಿ ಆ ತಂಡಕ್ಕೆ ಕೋಚ್ ಆಗಿ ಬಂದವರು ಹಂಗೇರಿಯ ಫೆರೆಂಕ್ ಪುಸ್ಕಾಸ್! 1954ರ ವಿಶ್ವಕಪ್ ಫೈನಲ್ ಆಡಿದ, ರಿಯಲ್ ಮ್ಯಾಡ್ರಿಡ್‌ನಲ್ಲಿ ಮೆರೆದ ಅದೇ ಪುಸ್ಕಾಸ್. ಹಿಂದೆ ಅಥೆನ್ಸ್‌ನ ಪನಾಥಿನೈಕೋಸ್ ತಂಡವನ್ನು ಯುರೋಪಿಯನ್ ಕಪ್ ಫೈನಲ್‌ಗೆ ಮುಟ್ಟಿಸಿದ್ದರಿಂದ ಅವರಿಗೆ ಗ್ರೀಕ್ ಬರುತ್ತಿತ್ತು, ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ಅವರನ್ನು ಕಾರಲ್ಲಿ ಕರೆದುಕೊಂಡು ಓಡಾಡೋದು, ಅವರ ಮಾತನ್ನು ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳೋದು ನಾಯಕ ಆಂಜ್ ಕೆಲಸ. ಮನೆಯಲ್ಲಿ ಕಲಿತ ಭಾಷೆಯಿಂದ ಜಗತ್ತಿನ ದೊಡ್ಡ ಆಟಗಾರನ ಪಕ್ಕದಲ್ಲಿ ಕೂತು ಆಟ ಕಲಿಯುವ ಯೋಗ ಆ ಹುಡುಗನಿಗೆ ಬಂತು. ನಮ್ಮ ಮಕ್ಕಳಿಗೆ 'ಕನ್ನಡ ಕಲಿ, ಕಲಿ' ಅಂತ ಬರೀ ಹೇಳುತ್ತೇವೆ. ಆ ಭಾಷೆಯಿಂದ ಆಗಬೇಕಾದ ಒಂದು ಕೆಲಸ ಅವರ ಮುಂದೆ ಇಟ್ಟಿದ್ದೇವಾ?

1991ರ ರಾಷ್ಟ್ರೀಯ ಲೀಗ್ ಫೈನಲ್‌ನಲ್ಲಿ ಎದುರಾಳಿ ಕ್ರೊಯೇಷಿಯಾದವರು ಕಟ್ಟಿದ ಮೆಲ್ಬರ್ನ್ ಕ್ರೊಯೇಷಿಯಾ. 1–1ರಲ್ಲಿ ನಿಂತ ಆಟವನ್ನು ಹೆಲಾಸ್ ಪೆನಾಲ್ಟಿಯಲ್ಲಿ ಗೆದ್ದಿತು. ಮುಂದೆ ಆಂಜ್ ಕೋಚ್ ಆಗಿ 1998, 1999ರಲ್ಲಿ ಸಾಲಾಗಿ ಎರಡು ಸಲ ರಾಷ್ಟ್ರೀಯ ಲೀಗ್ ಗೆಲ್ಲಿಸಿದರು. 2000ದ ಜನವರಿಯಲ್ಲಿ ಈ ವಲಸಿಗರ ಕ್ಲಬ್ಬು ಬ್ರೆಜಿಲ್‌ನ ಮರಕಾನಾದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆಡಿತು. 2–0 ಸೋತರು, ಸೋಲಲಿ ಬಿಡಿ. ಅಲ್ಲಿವರೆಗೂ ಹೋದರಲ್ಲ!

ಇದೇ ಕ್ಲಬ್ಬಿಗೆ ಆದ ಅನ್ಯಾಯವನ್ನೂ ಹೇಳಬೇಕು. ಫುಟ್ಬಾಲು 'ವಲಸಿಗರ ಆಟ' ಅನ್ನೋ ಹಣೆಪಟ್ಟಿ ಕೀಳೋಕೆ ಆಡಳಿತದವರು ಕ್ಲಬ್ಬುಗಳ ಹೆಸರಿನಿಂದ, ಲಾಂಛನದಿಂದ ತಾಯ್ನಾಡಿನ ಗುರುತು ತೆಗೆಸಿದರು. ಹೆಲಾಸ್ ಹೋಗಿ ಸ್ವಲ್ಪ ಕಾಲ 'ಲೇಕರ್ಸ್' ಆಯಿತು. ಮಿಡಲ್ ಪಾರ್ಕ್‌ನ ಹಳೇ ಮೈದಾನ ಕಾರ್ ರೇಸಿನ ದಾರಿಗೆ ಹೋಯಿತು. 2004ರಲ್ಲಿ ಹಳೇ ಲೀಗ್ ಮುಗಿದು, ಮರುವರ್ಷ ಎ-ಲೀಗ್ ಅನ್ನೋ ಹೊಸ ರಾಷ್ಟ್ರೀಯ ಲೀಗ್ ಶುರುವಾದಾಗ ನಾಲ್ಕು ಸಲ ಚಾಂಪಿಯನ್ ಆದ ಈ ಕ್ಲಬ್ಬಿಗೆ ಅದರಲ್ಲಿ ಜಾಗ ಇರಲಿಲ್ಲ. ರಾಜ್ಯ ಮಟ್ಟದ ಲೀಗಿಗೆ ಇಳಿದರು. ಹಳಬರು ಇವತ್ತಿಗೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಜನ ಕಟ್ಟಿದ್ದನ್ನು ಹೀಗೆ ಪಕ್ಕಕ್ಕಿಟ್ಟಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆದರೂ ಕ್ಲಬ್ಬು ಮುಚ್ಚಲಿಲ್ಲ. ಲೇಕ್‌ಸೈಡ್‌ನಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಹಾಗಾಗಿ ಆಟ ಸ್ವಲ್ಪ ದೂರದಲ್ಲಿ ಕಾಣುತ್ತದೆ. ನನ್ನ ಮುಂದಿನ ಸಾಲಲ್ಲಿ ಒಬ್ಬ ಅಜ್ಜ ರೆಫರಿಯನ್ನು ಗ್ರೀಕ್‌ನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ಮೊಮ್ಮಗಳು ಇಂಗ್ಲಿಷಿನಲ್ಲಿ 'ಅಜ್ಜ, ಅದು ಆಫ್‌ಸೈಡೇ' ಅಂತ ವಾದಿಸುತ್ತಿದ್ದಳು. ಅಜ್ಜ ಗ್ರೀಕ್ ಬಿಡಲಿಲ್ಲ, ಅವಳಿಗೆ ಅರ್ಥವಾಗದ ಮಾತು ಒಂದೂ ಇದ್ದಂತೆ ಕಾಣಲಿಲ್ಲ. ನನ್ನಂಥ ಪರಕೀಯನಿಗೂ ಅಲ್ಲಿ ಜಾಗ ಇತ್ತು, ಯಾವ ಊರು ಅಂತ ಯಾರೂ ಕೇಳಲಿಲ್ಲ.

ನಮ್ಮ ಸಂಘಗಳು ಯುಗಾದಿ, ಗಣೇಶ, ರಾಜ್ಯೋತ್ಸವ ಚೆನ್ನಾಗಿಯೇ ಮಾಡುತ್ತವೆ. ದುಡಿಯುವವರ ಶ್ರಮ ನಾನು ಬಲ್ಲೆ. ಆದರೆ ಮಕ್ಕಳು ಎರಡು ವಾರ ಡ್ಯಾನ್ಸ್ ಕಲಿತು, ಐದು ನಿಮಿಷ ಸ್ಟೇಜ್ ಹತ್ತಿ ಇಳಿಯುತ್ತಾರೆ. ಮುಂದಿನ ಹಬ್ಬದವರೆಗೂ ಒಬ್ಬರ ಮುಖ ಒಬ್ಬರು ನೋಡಲ್ಲ. ವರ್ಷಕ್ಕೆ ಮೂರು ಸಲ ಸೇರುವವರು ಪರಿಚಿತರಾಗಿಯೇ ಉಳಿಯುತ್ತಾರೆ. ವಾರ ವಾರ ಒಟ್ಟಿಗೆ ಗೆದ್ದು ಸೋತವರು ಹಾಗಲ್ಲ.

ಇದು ನಮ್ಮವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಕೊಡಗಿನಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ನಡೆಯುತ್ತಿದೆ. ಸಾಮಾನ್ಯವಾಗಿ ಪ್ರತಿ ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ, ನೂರಾರು ಮನೆತನಗಳು ಮನೆ ಹೆಸರಲ್ಲೇ ಆಡುತ್ತವೆ. ಅಜ್ಜ, ಮಗ, ಮೊಮ್ಮಗ, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಇರೋದುಂಟು. ದೂರದೂರಲ್ಲಿ ಕೆಲಸದಲ್ಲಿರುವವರು ರಜೆ ಹಾಕಿ ಊರಿಗೆ ಬರುತ್ತಾರೆ.

ಹಾಗಾಗಿ ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನು ಕೇಳುವುದು ಇಷ್ಟೇ. ಈ ವರ್ಷದ ಒಂದು ಸ್ಟೇಜ್ ಕಾರ್ಯಕ್ರಮದ ದುಡ್ಡಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳದ್ದೊಂದು ಫುಟ್ಬಾಲ್ ತಂಡ ಕಟ್ಟೋಣ, ಲೀಗಿಗೆ ಹೆಸರು ಕೊಡೋಣ. ಪಕ್ಕದ ಮನೆಯ ವಿಯೆಟ್ನಾಮಿ ಹುಡುಗ ಬರುತ್ತೇನೆ ಅಂದರೆ ಅವನಿಗೂ ಜರ್ಸಿ ಕೊಡೋಣ. ಕೋಚ್ ಕನ್ನಡದಲ್ಲೇ ಕೂಗಲಿ. ಅಮ್ಮಂದಿರು, ಅಪ್ಪಂದಿರು ಸರದಿ ಹಾಕಿಕೊಂಡು ಮೈದಾನದ ಬದಿಯಲ್ಲಿ ಇಡ್ಲಿ, ಕಾಫಿ ಇಡಲಿ. ಕೋಚಿಂಗಿನ ಮೊದಲ ಹಂತದ ಕೋರ್ಸಿಗೆ ನಾನು ಹೆಸರು ಕೊಟ್ಟಿದ್ದೇನೆ. ಇನ್ನಿಬ್ಬರು ಬೇಕು.