ಹೊರದೇಶಕ್ಕೆ ಹೋಗುವ ನರ್ಸುಗಳನ್ನು ದೂರಬೇಡಿ

"ಇಲ್ಲಿ ಓದಿ, ಇಲ್ಲಿಯ ಅನ್ನ ತಿಂದು, ಸೇವೆ ಮಾತ್ರ ಹೊರದೇಶದವರಿಗೆ." ನರ್ಸುಗಳ ಬಗ್ಗೆ ಈ ಮಾತು ನಮ್ಮ ಮಂಗಳೂರಿನಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ದುಬೈಗೆ ಹೋದ ಎಂಜಿನಿಯರನಿಗೆ ಯಾರೂ ಹೀಗೆ ಹೇಳುವುದಿಲ್ಲ. ನನಗೆ ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ.

ನಮ್ಮ ಪಕ್ಕದ ಮನೆಯ ಹುಡುಗಿ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದ್ದು ಅಮ್ಮನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು. ಕೆಲಸ ಸಿಕ್ಕಿದ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರ್‌ಗಳು. ಒಂದು ಕಡೆ ಡ್ರಿಪ್ ಬದಲಿಸುತ್ತಿದ್ದರೆ ಇನ್ನೊಂದು ತುದಿಯಲ್ಲಿ ಬೆಲ್ ಹೊಡೆಯುತ್ತದೆ, ಬಿ.ಪಿ. ಬರೆದಿಡುವಷ್ಟರಲ್ಲಿ ಹೊಸ ರೋಗಿಯ ಸ್ಟ್ರೆಚರ್ ಬಾಗಿಲಲ್ಲಿರುತ್ತದೆ. ಮಧ್ಯದಲ್ಲಿ ಕೆಲಸ ಬಿಡದಿರಲೆಂದು ಮೂಲ ಪ್ರಮಾಣಪತ್ರಗಳನ್ನೂ ಆಡಳಿತದವರು ಇಟ್ಟುಕೊಂಡಿದ್ದರು. ಸಂಬಳ ಸಾಲದ ಕಂತಿಗೂ ಸಾಲುತ್ತಿರಲಿಲ್ಲ. ಈಗ ಅವಳು ಜರ್ಮನಿಗೆ ಹೋಗಲೆಂದು ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆಗೆ ಓದುತ್ತಿದ್ದಾಳೆ. ಓದಲಿ, ಹೋಗಲಿ.

ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2016ರಲ್ಲಿ ಕೋರ್ಟು ಕೊಟ್ಟ ಸೂಚನೆಯಂತೆ ಕೇಂದ್ರ ರಚಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು ಎಂದಿತು. ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿತ್ತು. ಪಕ್ಕದ ಮನೆಯವರೆಗೆ ಆ ಶಿಫಾರಸು ಬಂದು ಮುಟ್ಟಲೇ ಇಲ್ಲ. ಮೊದಲು ಆ ಸಂಬಳ ಕೊಡಿ, ಆಮೇಲೆ ಸೇವಾಭಾವದ ಮಾತಾಡಿ.

ಸರ್ಕಾರಿ ಸೀಟಿನಲ್ಲಿ ಓದಿದ ವೈದ್ಯರ ವಿಷಯ ಸ್ವಲ್ಪ ಬೇರೆ. ಅವರಿಂದ ಕೆಲವು ಕಾಲ ಹಳ್ಳಿಯ ಸೇವೆ ಕೇಳುವುದು ನ್ಯಾಯವೇ. ಆದರೆ ಆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಔಷಧಿಯೂ ಇರಬೇಕು, ವಾಸಕ್ಕೊಂದು ಮನೆಯೂ ಇರಬೇಕು.

ನನ್ನ ನಿಜವಾದ ಸಿಟ್ಟು ಶ್ರೀಮಂತ ದೇಶಗಳ ಮೇಲೆ. ತಮಗೆ ಬೇಕಾದಷ್ಟು ನರ್ಸುಗಳನ್ನು ತಾವೇ ಓದಿಸದೆ, ಬೇರೆಯವರ ಖರ್ಚಿನಲ್ಲಿ ಕಲಿತವರನ್ನು ಕರೆಸಿಕೊಳ್ಳುತ್ತವೆ. ನಮ್ಮಲ್ಲಾದರೂ ಕಾಲೇಜುಗಳು ಬೇಕಾದಷ್ಟಿವೆ. ಘಾನಾ, ಜಿಂಬಾಬ್ವೆಯಂಥ ದೇಶಗಳಲ್ಲಿ ಇರುವ ನರ್ಸುಗಳೇ ಕಡಿಮೆ. ತೀವ್ರ ಕೊರತೆ ಇರುವ ದೇಶಗಳಿಂದ ಹುಡುಕಿಕೊಂಡು ಹೋಗಿ ನೇಮಕ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಒಂದು ನೀತಿ ಸಂಹಿತೆ ಮಾಡಿತು. 2023ರಲ್ಲಿ ಅಂಥ 55 ದೇಶಗಳ ಪಟ್ಟಿಯನ್ನೂ ಕೊಟ್ಟಿತು. ಆದರೆ ಸಂಹಿತೆ ಪಾಲಿಸುವುದು ಕಡ್ಡಾಯವಲ್ಲ. ಅದು ಕಡ್ಡಾಯವಾಗಬೇಕು. ಒಬ್ಬ ನರ್ಸನ್ನು ಕರೆಸಿಕೊಂಡ ದೇಶ, ಅವಳ ಊರಿನಲ್ಲಿ ಇನ್ನೊಬ್ಬಳ ಓದಿನ ಖರ್ಚನ್ನು ಪೂರ್ತಿಯಾಗಿ ಕೊಡಬೇಕು.