ನಗರಸಭೆಯಲ್ಲಿ ಕಾಲೇಜು ಮಕ್ಕಳ ಓದಿಗೂ ಹಣ ಇದೆ, ಪ್ರಕಟಣೆ ಬರುವ ಮೊದಲೇ ಕಾಗದ ಜೋಡಿಸಿಡಿ

ಪಿಯುಸಿ ಮುಗಿಸಿ ಡಿಗ್ರಿಗೋ ನರ್ಸಿಂಗಿಗೋ ಇಂಜಿನಿಯರಿಂಗಿಗೋ ಸೇರಿದ ಮಕ್ಕಳಿರುವ ಮನೆಯಲ್ಲಿ ಸ್ಕಾಲರ್‌ಶಿಪ್ ಅಂದರೆ ಎಸ್‌ಎಸ್‌ಪಿ ಪೋರ್ಟಲ್, ಅಷ್ಟೇ. ಅದು ರಾಜ್ಯ ಸರ್ಕಾರದ್ದು, ಹಾಕಲೇಬೇಕು. ಆದರೆ ನೀವು ಮನೆ ಕಂದಾಯ, ನೀರಿನ ಬಿಲ್ಲು ಕಟ್ಟಿ ಬರುವ ಅದೇ ನಗರಸಭೆ ಕಟ್ಟಡದಲ್ಲಿ, ಇನ್ನೊಂದು ಕೋಣೆಯಲ್ಲಿ, ಕಾಲೇಜು ಮಕ್ಕಳ ಓದಿಗೆ ಬಳಸಬಹುದಾದ ಹಣವನ್ನು ಪ್ರತಿವರ್ಷ ಬಜೆಟ್‌ನಲ್ಲೇ ಎತ್ತಿಟ್ಟಿರುತ್ತಾರೆ. ಈ ಮಾತು ಬಹಳ ಮನೆಗಳಿಗೆ ತಲುಪೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕೊನೇ ದಿನಾಂಕ ಮುಗಿದಿರುತ್ತದೆ.

ತಲುಪದೇ ಇರುವುದಕ್ಕೆ ಮೊದಲ ಕಾರಣ ಆ ಪ್ರಕಟಣೆಯ ಭಾಷೆ. ಮಹಾನಗರ ಪಾಲಿಕೆ ಇರಲಿ, ಪುರಸಭೆ ಇರಲಿ, ಪಟ್ಟಣ ಪಂಚಾಯಿತಿ ಇರಲಿ, ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ತಲೆಬರಹ ಹೆಚ್ಚುಕಮ್ಮಿ ಒಂದೇ: ಶೇ 24.10, ಶೇ 7.25 ಹಾಗೂ ಶೇ 5ರ ಯೋಜನೆಯಡಿ ಅರ್ಜಿ ಆಹ್ವಾನ. ಇದರಲ್ಲಿ ವಿದ್ಯಾರ್ಥಿ ಅನ್ನುವ ಪದವೇ ಇಲ್ಲ. ಓದಿದವರೂ ಕಣ್ಣಾಡಿಸಿ ಪುಟ ತಿರುಗಿಸುತ್ತಾರೆ.

ಈ ಅಂಕಿಗಳು ಏನು ಅಂತ ಒಮ್ಮೆ ತಿಳಿದುಕೊಂಡರೆ ಮುಂದೆಂದೂ ಮರೆಯುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಜಾತಿ ಜನಸಂಖ್ಯೆ ಶೇ 17.15, ಪರಿಶಿಷ್ಟ ಪಂಗಡ ಶೇ 6.95. ಎರಡನ್ನೂ ಕೂಡಿದರೆ 24.10. ಹಿಂದೆ 2001ರ ಲೆಕ್ಕದಲ್ಲಿ ಇದು 22.75 ಇತ್ತು, ಹಳೇ ಪ್ರಕಟಣೆ ಕೈಗೆ ಸಿಕ್ಕರೆ ಬೇರೆ ಯೋಜನೆ ಅಂತ ಗಾಬರಿ ಬೇಡ. ಶೇ 7.25 ಇರುವುದು ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಸೇರಿದಂತೆ ಉಳಿದ ಬಡವರಿಗೆ. ಶೇ 5 ಅಂಗವಿಕಲರಿಗೆ. ಸ್ಥಳೀಯ ಸಂಸ್ಥೆಯ ಸ್ವಂತ ನಿಧಿ ಮತ್ತು ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತನಿಧಿಯಿಂದ ಈ ಪಾಲು ತೆಗೆದಿಡಬೇಕು. ಅಂದರೆ ಇದು ಯಾರೋ ಪುಣ್ಯಾತ್ಮರು ಕೊಡುವ ದಾನ ಅಲ್ಲ. ಊರಿನ ಕಂದಾಯ ಮತ್ತು ರಾಜ್ಯದ ಅನುದಾನದ ಹಣ, ನಿಯಮದ ಪ್ರಕಾರ ಎತ್ತಿಟ್ಟದ್ದು. ಕೌಂಟರ್ ಮುಂದೆ ಕೈಕಟ್ಟಿ ನಿಲ್ಲುವ ಅಗತ್ಯ ಇಲ್ಲ.

ಎತ್ತಿಟ್ಟ ಹಣವೆಲ್ಲ ಮಕ್ಕಳ ಓದಿಗೇ ಹೋಗುವುದಿಲ್ಲ. ಒಂದು ಭಾಗ ಕಾಲೊನಿಯ ಚರಂಡಿ, ರಸ್ತೆ, ಸಮುದಾಯ ಭವನಕ್ಕೆ. ಇನ್ನೊಂದು ಭಾಗ ವೈಯಕ್ತಿಕ ಸೌಲಭ್ಯಕ್ಕೆ: ಹೊಲಿಗೆ ಯಂತ್ರ, ಚಿಕಿತ್ಸೆಯ ನೆರವು, ಮನೆ ರಿಪೇರಿ, ಅದರ ಜೊತೆ ಕಾಲೇಜು ವಿದ್ಯಾರ್ಥಿಗಳ ಶುಲ್ಕ ಮರುಪಾವತಿ, ಪ್ರೋತ್ಸಾಹಧನ, ಕೆಲವು ಕಡೆ ಲ್ಯಾಪ್‌ಟಾಪ್. ಯಾವುದಕ್ಕೆ ಎಷ್ಟು ಅಂತ ನಿರ್ಧಾರ ಆಗುವುದು ಕ್ರಿಯಾಯೋಜನೆಯಲ್ಲಿ, ಅಂದರೆ ಆ ವರ್ಷ ಈ ಹಣವನ್ನು ಹೇಗೆ ಖರ್ಚು ಮಾಡಬೇಕು ಅನ್ನುವ ಪಟ್ಟಿಯಲ್ಲಿ. ಹಾಗಾಗಿ ಮೊತ್ತವೂ ಕೋರ್ಸುಗಳ ಪಟ್ಟಿಯೂ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಪಕ್ಕದ ತಾಲ್ಲೂಕಿನಲ್ಲಿ ಇಷ್ಟು ಕೊಟ್ಟರಂತೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನಿಮ್ಮ ಊರಿನ ಈ ಸಾಲಿನ ಕ್ರಿಯಾಯೋಜನೆಯ ಪ್ರತಿ ಕೇಳಿ.

ಈ ಪದ್ಧತಿಯಲ್ಲಿ ನನಗೆ ತೀರಾ ಬೇಸರ ತರಿಸುವುದು ಮರುಪಾವತಿ ಅನ್ನುವ ಪದ. ಮೊದಲು ಫೀಸ್ ಕಟ್ಟಿ, ರಸೀದಿ ತನ್ನಿ, ಆಮೇಲೆ ಕೊಡುತ್ತೇವೆ. ಕಾಲೇಜು ಫೀಸ್ ಕೇಳುವುದು ಪ್ರವೇಶದ ಹೊತ್ತಿಗೆ. ನಗರಸಭೆಯ ಹಣ ಕೈಸೇರುವುದು ಎಷ್ಟೋ ಕಡೆ ಮಾರ್ಚ್ ಹತ್ತಿರ, ಆರ್ಥಿಕ ವರ್ಷ ಮುಗಿಯುವ ಅವಸರದಲ್ಲಿ. ನಡುವಿನ ತಿಂಗಳುಗಳಿಗೆ ಮನೆಯವರು ಕೈಸಾಲ ಮಾಡುತ್ತಾರೆ, ಒಡವೆ ಅಡವಿಡುತ್ತಾರೆ, ಬಡ್ಡಿ ಕಟ್ಟುತ್ತಾರೆ. ನಿಜವಾಗಿ ಬಡವರಾದವರು ಫೀಸ್ ಕಟ್ಟಲಾಗದೆ ಸೀಟೇ ಬಿಡುತ್ತಾರೆ, ಅವರಿಗೆ ರಸೀದಿ ಎಲ್ಲಿಂದ ಬರಬೇಕು? ಅರ್ಜಿಯನ್ನು ಜೂನ್ ಜುಲೈನಲ್ಲೇ ಕರೆದು, ಕಾಲೇಜಿನ ಶುಲ್ಕ ಬೇಡಿಕೆ ಪತ್ರದ ಮೇಲೆ ನೇರ ಕಾಲೇಜಿನ ಖಾತೆಗೆ ಹಣ ಹಾಕಬೇಕು. ಪ್ರಕಟಣೆಯನ್ನು ಊರಿನ ಪ್ರತಿ ಪಿಯು ಕಾಲೇಜು, ಡಿಗ್ರಿ ಕಾಲೇಜು, ಹಾಸ್ಟೆಲ್ ಗೋಡೆಗೆ ಅಂಟಿಸಬೇಕು. ಇದಕ್ಕೆ ಹೊಸ ಹಣ ಬೇಡ, ನಾಲ್ಕು ಹಾಳೆ ಜೆರಾಕ್ಸ್ ಸಾಕು. ವಾರ್ಡ್ ಸದಸ್ಯರು ಮನೆಗೆ ಬಂದಾಗ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು, ಪ್ರಕಟಣೆ ಬರುವ ಮೊದಲೇ ಕಾಗದ ಸಿದ್ಧ ಮಾಡಿಕೊಳ್ಳುವುದು. ಅರ್ಜಿ ಹಾಕಲು ಸಿಗುವ ಕಾಲ ಕಮ್ಮಿ. ಅಷ್ಟರಲ್ಲಿ ನಾಡಕಚೇರಿಗೆ ಓಡಿ ಜಾತಿ ಆದಾಯ ಪತ್ರ ಮಾಡಿಸುತ್ತೇವೆ ಅಂದರೆ ಆಗುವುದಿಲ್ಲ, ಅದಕ್ಕೇ ಮೂರು ವಾರ ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರ ಜಾತಿ ಪತ್ರ ಒಮ್ಮೆ ಮಾಡಿಸಿದರೆ ಜೀವಮಾನಕ್ಕೆ ಸಾಕು. ಆದಾಯ ಪತ್ರಕ್ಕೆ ಮಾತ್ರ 5 ವರ್ಷದ ಅವಧಿ. ಹತ್ತನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಸತ್ತಿರುತ್ತದೆ, ಮೇಲಿನ ದಿನಾಂಕ ನೋಡಿ. ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ಕಾಣುತ್ತದೆ: ಅಪ್ಪನ ಹೆಸರಿನ ಪತ್ರ ಲಗತ್ತಿಸುವುದು. ಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು, ಆರ್‌ಡಿ ಅಂತ ಶುರುವಾಗುವ ಅದರ ಸಂಖ್ಯೆ ಜೆರಾಕ್ಸ್‌ನಲ್ಲಿ ಸ್ಪಷ್ಟವಾಗಿ ಕಾಣಬೇಕು. ಆ ಸಂಖ್ಯೆಯಿಂದಲೇ ಪತ್ರ ಅಸಲಿಯೋ ಅಲ್ಲವೋ ನೋಡುತ್ತಾರೆ.

ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಇನಿಷಿಯಲ್ ಹಿಂದೆಯೂ ಬರುತ್ತದೆ, ಮುಂದೆಯೂ ಬರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಂಜುಳಾ ಎಚ್, ಆಧಾರ್‌ನಲ್ಲಿ ಮಂಜುಳ ಹನುಮಂತಪ್ಪ, ಬ್ಯಾಂಕಿನಲ್ಲಿ ಎಚ್ ಮಂಜುಳಾ. ಮನೆಯವರಿಗೆ ಮೂವರೂ ಒಬ್ಬಳೇ ಹುಡುಗಿ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲ ಅಂತ ಇಟ್ಟುಕೊಂಡು ಆಧಾರ್ ತಿದ್ದಿಸಿ, ಆಮೇಲೆ ಆ ಆಧಾರ್ ಹಿಡಿದು ಬ್ಯಾಂಕಿನಲ್ಲಿ ತಿದ್ದಿಸಿ. ಉಲ್ಟಾ ಮಾಡಿದರೆ ಎರಡೆರಡು ಸಲ ಅಲೆಯಬೇಕು.

ವ್ಯಾಸಂಗ ಪ್ರಮಾಣಪತ್ರ ಈ ಸಾಲಿನದೇ ಆಗಿರಬೇಕು, ಅದರಲ್ಲಿ ಕೋರ್ಸು, ಎಷ್ಟನೇ ವರ್ಷ ಅಥವಾ ಸೆಮಿಸ್ಟರ್, ಪ್ರಾಂಶುಪಾಲರ ಸಹಿ, ಮೊಹರು ಇರಬೇಕು. ಮೊಹರಿಲ್ಲದ ಸಹಿಯಿಂದ ವಾಪಸ್ ಬಂದ ಅರ್ಜಿಗಳಿಗೆ ಲೆಕ್ಕವಿಲ್ಲ. ಶುಲ್ಕದ ರಸೀದಿ ಅಂದರೆ ಫೋನ್‌ಪೇ ಸ್ಕ್ರೀನ್‌ಶಾಟ್ ಅಲ್ಲ. ಕಾಲೇಜಿನ ರಸೀದಿ ಸಂಖ್ಯೆ ಇರುವ ಕಾಗದ ಬೇಕು. ಸಿಇಟಿ ಮೂಲಕ ಸೀಟು ಸಿಕ್ಕವರು ಪರೀಕ್ಷಾ ಪ್ರಾಧಿಕಾರಕ್ಕೆ ಕಟ್ಟಿದ ಚಲನ್ ಮತ್ತು ಕಾಲೇಜಿಗೆ ಕಟ್ಟಿದ ಬಾಕಿಯ ರಸೀದಿ ಎರಡನ್ನೂ ಇಡಬೇಕು. ಒಂದೇ ಇಟ್ಟರೆ ಅಷ್ಟೇ ಮೊತ್ತ ಲೆಕ್ಕಕ್ಕೆ ಬರುತ್ತದೆ. ಬೋಧನಾ ಶುಲ್ಕ, ಹಾಸ್ಟೆಲ್, ಬಸ್ ಎಲ್ಲ ಸೇರಿಸಿ ಒಂದೇ ಮೊತ್ತ ಬರೆದ ರಸೀದಿ ಕೊಟ್ಟಿದ್ದರೆ ಬಿಡಿಸಿ ಬರೆಸಿಕೊಳ್ಳಿ. ಶೇ 5ರಲ್ಲಿ ಹಾಕುವವರಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನದಂಡ ಕನಿಷ್ಠ ಶೇ 40 ಅಂಗವೈಕಲ್ಯ.

ಎಲ್ಲ ಸರಿಯಿದ್ದು, ಹೆಸರು ಪಟ್ಟಿಯಲ್ಲೂ ಬಂದು, ಹಣ ಮಾತ್ರ ಬರಲಿಲ್ಲ ಅನ್ನುವುದು ಬ್ಯಾಂಕ್ ಖಾತೆಯಿಂದ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಅನ್ನುವುದು ಬೇರೆ, ಆಧಾರ್ ಸೀಡ್ ಆಗಿದೆ ಅನ್ನುವುದು ಬೇರೆ. ಕೆವೈಸಿಗೆ ಕೊಟ್ಟ ಜೆರಾಕ್ಸ್ ಬ್ಯಾಂಕಿನ ಕಡತದಲ್ಲಿ ಕೂತಿರುತ್ತದೆ. ಸೀಡಿಂಗ್ ಅಂದರೆ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರಿಗೆ ಒಂದು ಬ್ಯಾಂಕಿನ ಹೆಸರು ನಮೂದಾಗಿರುವುದು. ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿರೋ ಅದು. ಮೊಬೈಲ್ ಅಂಗಡಿಯಲ್ಲಿ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಯೇ ಅಲ್ಲಿ ಕೂತಿರಬಹುದು. ಆಧಾರ್ ಪ್ರಾಧಿಕಾರದ ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಒಳಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಬ್ಯಾಂಕಿನ ಹೆಸರು, ಆಕ್ಟಿವ್ ಇದೆಯೋ ಇಲ್ಲವೋ ಎರಡೂ ತೋರಿಸುತ್ತದೆ. ಎಸ್‌ಎಸ್‌ಪಿ ಹಣವೂ ಇದೇ ದಾರಿಯಲ್ಲಿ ಬರುವುದರಿಂದ ಒಮ್ಮೆ ನೋಡಿದರೆ ಎರಡಕ್ಕೂ ಆಯಿತು.

ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ನೋಡಿ ನೆಫ್ಟ್ ಮಾಡುವ ಕಚೇರಿಗಳಲ್ಲಿ ತೊಂದರೆ ಇನ್ನೊಂದು ಥರ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಇವೆಲ್ಲ ನಮ್ಮೂರ ಬ್ಯಾಂಕುಗಳು, ಅವುಗಳ ಹಳೇ ಪಾಸ್‌ಬುಕ್ ಇನ್ನೂ ಎಷ್ಟೋ ಮನೆಗಳ ಟ್ರಂಕಿನಲ್ಲಿವೆ. 2025ರ ಮೇ ತಿಂಗಳಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಬ್ಯಾಂಕು ಸೇರಿದಾಗ ಐಎಫ್‌ಎಸ್‌ಸಿ ಬದಲಾಗುವುದರಿಂದ ಹಳೇ ಪಾಸ್‌ಬುಕ್‌ನ ಮೊದಲ ಪುಟ ಜೆರಾಕ್ಸ್ ಮಾಡಿ ಇಡಬೇಡಿ, ಶಾಖೆಗೆ ಹೋಗಿ ಹೊಸದರಲ್ಲಿ ಎಂಟ್ರಿ ಹಾಕಿಸಿ. ಪೂರ್ತಿ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆಗೆ ಮಿತಿಯೂ ಇದೆ: ಸರ್ಕಾರದ ಅನುದಾನ, ಕಲ್ಯಾಣ ನೆರವು ಬಿಟ್ಟು ಬೇರೆ ಜಮೆಯಿಂದ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಇಂಜಿನಿಯರಿಂಗ್, ಮೆಡಿಕಲ್ ಮಕ್ಕಳ ಹಣ ಈ ವರ್ಷದ ಮಿತಿಗೆ ತಗುಲಿ ವಾಪಸ್ ಹೋಗಬಹುದು.

ವಾಸಸ್ಥಳದ ವಿಷಯದಲ್ಲಿ ಮೋಸ ಹೋಗುವವರು ಊರಂಚಿನ ಬಡಾವಣೆಯವರು. ಬಸ್ಸು, ಅಂಗಡಿ ಎಲ್ಲ ಪೇಟೆಯದೇ, ಆದರೆ ಕಂದಾಯ ರಸೀದಿ ಗ್ರಾಮ ಪಂಚಾಯಿತಿಯದು. ರಸೀದಿಯ ತಲೆಯ ಮೇಲೆ ಯಾರ ಹೆಸರಿದೆಯೋ ಅಲ್ಲೇ ಅರ್ಜಿ. ಗ್ರಾಮ ಪಂಚಾಯಿತಿಯಲ್ಲೂ ಸ್ವಂತ ವರಮಾನದ ಶೇ 25 ಪರಿಶಿಷ್ಟರಿಗೆ, ಶೇ 5 ಅಂಗವಿಕಲರಿಗೆ ಅಂತ ಇದೆ, ಪಿಡಿಒ ಅವರನ್ನು ಕೇಳಿ. ಹಳ್ಳಿಯಿಂದ ಬಂದು ಹಾಸ್ಟೆಲ್‌ನಲ್ಲಿ ಇರುವವರನ್ನು ಈ ಊರಿನ ವಾಸಿ ಅಂತ ನಗರಸಭೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ನೋಡುವುದು ತಂದೆತಾಯಿ ಎಲ್ಲಿದ್ದಾರೆ, ರೇಷನ್ ಕಾರ್ಡ್ ಎಲ್ಲಿಯದು ಅಂತ. ಬಾಡಿಗೆ ಮನೆಯವರು ಕರಾರು ಪತ್ರ, ರೇಷನ್ ಕಾರ್ಡ್, ವೋಟರ್ ಕಾರ್ಡ್ ಮೂರನ್ನೂ ಇಡಿ. ಬೆಂಗಳೂರಿನವರಿಗೆ ಇನ್ನೊಂದು ಮಾತು: ಬಿಬಿಎಂಪಿ ಈಗ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ. ಹಳೇ ವಾರ್ಡ್ ಸಂಖ್ಯೆ ನಂಬಿ ಅರ್ಜಿ ತುಂಬಬೇಡಿ.

ಅರ್ಜಿಯನ್ನು ಕೊಡುವಾಗ ಎರಡು ಸೆಟ್ ಒಯ್ಯಿರಿ. ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ, ಆವಕ ಸಂಖ್ಯೆ (ಕಚೇರಿಗೆ ಬಂದ ಕಾಗದಕ್ಕೆ ಕೊಡುವ ಸಂಖ್ಯೆ) ಹಾಕಿಸಿಕೊಳ್ಳಿ. ಅಲ್ಲಿ ಟೇಬಲ್ ಮೇಲಿಟ್ಟು ಹೋಗಿ ಅಂದರೆ ಇಟ್ಟು ಬರಬೇಡಿ, ಮೊಹರಿಲ್ಲದ ಅರ್ಜಿ ಕೊಟ್ಟೇ ಇಲ್ಲದ ಅರ್ಜಿ. ಆಮೇಲೆ ವಿಚಾರಿಸಬೇಕಾದದ್ದು ಸಮುದಾಯ ಸಂಘಟನಾಧಿಕಾರಿಯ ಹತ್ತಿರ, ಪಾಲಿಕೆಗಳಲ್ಲಿ ಕಲ್ಯಾಣ ವಿಭಾಗದಲ್ಲಿ. ಬೇರೆ ಕಡೆಯಿಂದ ಇದೇ ಶುಲ್ಕಕ್ಕೆ ನೆರವು ಪಡೆದಿಲ್ಲ ಅಂತ ಘೋಷಣೆ ಕೇಳುತ್ತಾರೆ. ಎಸ್‌ಎಸ್‌ಪಿಯಲ್ಲಿ ಬಂದದ್ದನ್ನು ಮುಚ್ಚಿಡಬೇಡಿ. ಕಟ್ಟಿದ ಫೀಸ್ ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು ಅಂತ ಬರೆದುಕೊಡಿ. ಬಾಕಿಗೆ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಮುಂದಿನ ವರ್ಷಕ್ಕೂ ಕಲ್ಲು ಬೀಳುತ್ತದೆ. ಮುಂದಿನ ವರ್ಷ ಅಂದೆ, ಇದು ತಾನಾಗಿ ನವೀಕರಣ ಆಗುವ ಸ್ಕಾಲರ್‌ಶಿಪ್ ಅಲ್ಲ. ಪ್ರತಿವರ್ಷ ಹೊಸ ಅರ್ಜಿ.

ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಕಾರಣವನ್ನೂ ಹೇಳಲಿಲ್ಲ ಅಂದರೆ ಜಗಳ ಬೇಡ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಜೆರಾಕ್ಸ್ ಇಟ್ಟರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಒಂದು ಅರ್ಜಿಯಲ್ಲಿ ಈ ಸಾಲಿನ ಕ್ರಿಯಾಯೋಜನೆ ಮತ್ತು ಅದರಲ್ಲಿ ವಿದ್ಯಾರ್ಥಿಗಳಿಗೆ ಇಟ್ಟ ಮೊತ್ತ, ಖರ್ಚಾದ ಮೊತ್ತ ಕೇಳಿ. ಇನ್ನೊಂದರಲ್ಲಿ ನಿಮ್ಮ ಆವಕ ಸಂಖ್ಯೆ ಬರೆದು, ಆ ಅರ್ಜಿಯ ಮೇಲೆ ಕಡತದ ಟಿಪ್ಪಣಿ ಹಾಳೆಯಲ್ಲಿ ಏನು ಬರೆದಿದ್ದಾರೋ ಅದರ ದೃಢೀಕೃತ ನಕಲು ಕೇಳಿ. ಯಾಕೆ ತಿರಸ್ಕರಿಸಿದಿರಿ ಅಂತ ಪ್ರಶ್ನೆ ಬರೆದರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ಟಿಪ್ಪಣಿ ಹಾಳೆಯ ನಕಲು ಅಂತಲೇ ಬರೆಯಿರಿ.